ಆಟಕ್ಕೆಷ್ಟು ಕಟ್ಟಳೆ?

ಹುಲಿ ಮೂರು, ಆಡು ಹದಿನೈದು. ಆಡಿನ ಮೇಲಿಂದ ನೆಗೆದು ಅದರಾಚೆಯ ಬರಿದಾದ ನೆಲೆಗೆ ಹುಲಿ ಹೋಯಿತೆಂದರೆ ಆಡು ಸತ್ತಂತೆ. ಅಲುಗಲು ಎಡೆಯಿಲ್ಲದಂತೆ ಆಡುಗಳು ಸುತ್ತುವರಿದುವೆಂದರೆ ಹುಲಿ ಸೋತಂತೆ. ಹದಿನೈದನ್ನೂ ಹೂಡಿ ಮುಗಿಯುವತನಕ ಹೂಡಿದ ಆಡನ್ನು ಸರಿಸಕೂಡದು. ಆಟದ ಶಾಸ್ತ್ರವೆಲ್ಲ ಇಷ್ಟೇ. ಒಂದು ಹಾಸುಗಲ್ಲು, ಒಂದು ಇದ್ದಿಲ ಚೂರು, ಒಂದು ಹಿಡಿ ಹುಣಿಸೆಬೀಜ ಇದ್ದರೆ ಮಧ್ಯಾಹ್ನ ಕಳೆಯಿತು. ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿ ತಮಿಳರಿಗೆ ಇದು ಆಡುಪುಲಿ, ತೆಲುಗರಿಗೆ ಪುಲಿಮೇಕ, ನಮಗೆ ಹುಲಿಕುರಿ. ಭಾಷೆ ಮೂರಾದರೂ ಹುಲಿಯ ಹಸಿವು ಒಂದೇ.

ಈ ಪೀಠಿಕೆಗೆ ಕಾರಣವುಂಟು. ಬಂಗಾರಪೇಟೆಯಲ್ಲಿ ಭಾನುವಾರದ ಅಪರಾಹ್ನಗಳಲ್ಲಿ ಐದಾರು ಮಂದಿ ವಿದ್ಯಾರ್ಥಿಗಳು ಕೂಡಿ ಬೇರೊಂದು ಬಗೆಯ ಆಟವನ್ನಾಡುತ್ತಾರೆ. ಒಬ್ಬನು ಕಥಕ, ಉಳಿದವರು ಅವನ ಕಥೆಯೊಳಗಿನ ಪಾತ್ರಗಳು. ‘ಕೋಟೆಯ ಬಾಗಿಲು ಮುಚ್ಚಿದೆ, ಏನು ಮಾಡುವಿರಿ?’ ಎಂದು ಕಥಕನು ಕೇಳುತ್ತಾನೆ. ಒಬ್ಬಳು ಗೋಡೆಯನ್ನೇರುವೆನೆನ್ನುತ್ತಾಳೆ, ಇನ್ನೊಬ್ಬನು, ಲೋಕವನ್ನು ಬಲ್ಲವನು, ಕಾವಲುಗಾರನ ಕೈ ಬೆಚ್ಚಗೆ ಮಾಡುವೆನೆನ್ನುತ್ತಾನೆ. ಕಾರ್ಯ ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖಗಳ ದಾಳವೊಂದು ತೀರ್ಮಾನಿಸುತ್ತದೆ. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ೧೯೭೪ರಲ್ಲಿ ಇದನ್ನು ಮೂರು ತೆಳು ಪುಸ್ತಿಕೆಗಳಾಗಿ ಹೊರತಂದರು. ಮೂರು ಪುಸ್ತಿಕೆಗಳು ಇಂದು ಭಾರಿ ಗ್ರಂಥಗಳಾಗಿವೆ. ಅದರಲ್ಲಿಯೂ ೨೦೧೪ರ ಆವೃತ್ತಿಯೊಂದು, ಪರಿಷ್ಕೃತಗೊಂಡ ೨೦೨೪ರ ಆವೃತ್ತಿ ಮತ್ತೊಂದು. ಯಾವುದನ್ನು ಅನುಸರಿಸತಕ್ಕದ್ದು ಎಂಬ ವಿಷಯದಲ್ಲಿ ನಮ್ಮ ಹುಡುಗರಲ್ಲಿ ಎರಡು ಪಕ್ಷಗಳಾಗಿ, ವ್ಯಾಕರಣ ಕಲಿಸುವವನಿಗೆ ಕಟ್ಟಳೆಯ ಮರ್ಮ ತಿಳಿದಿರಲೇಬೇಕೆಂದು ಭಾವಿಸಿ, ವ್ಯಾಜ್ಯವನ್ನು ನನ್ನ ಮುಂದಿಟ್ಟರು.

ಮೊದಲಿನ ಪುಸ್ತಿಕೆಗಳಲ್ಲಿ ಹೇಳಿದುದಕ್ಕಿಂತ ಬಿಟ್ಟುದೇ ಹೆಚ್ಚು. ಬಿಟ್ಟ ಜಾಗವನ್ನು ಒಂದೊಂದು ಮನೆಯವರು ಒಂದೊಂದು ಬಗೆಯಾಗಿ ತುಂಬಿಕೊಂಡರು. ಜಗಳವಾಯಿತು. ಜಗಳವನ್ನಡಗಿಸಲು ೧೯೭೭ರಿಂದ ೧೯೭೯ರವರೆಗೆ ದಪ್ಪ ಸಂಪುಟಗಳು ಬಂದುವು. ಗಣಿಯಲ್ಲಿ ದುಡಿದವರನ್ನು ಕೇಳಿ: ಸುರಂಗದೊಳಗಿನ ಪ್ರತಿಯೊಂದು ಕಟ್ಟುನಿಟ್ಟಿನ ಹಿಂದೆಯೂ ಯಾವುದೋ ಒಂದು ದಿನದ ಅವಘಡ ಇದ್ದೇ ಇರುತ್ತದೆ. ಆಟದ ಪುಸ್ತಕವೂ ಹಾಗೆಯೇ; ಅದರ ಒಂದೊಂದು ಪುಟವೂ ಯಾರದೋ ಮೇಜಿನ ಮೇಲೆ ನಡೆದ ಒಂದು ಕಲಹದ ಸ್ಮಾರಕ. ಕಲಹ ಮರೆತುಹೋಗುತ್ತದೆ, ಪುಟ ಉಳಿಯುತ್ತದೆ.

ಬದಲಾವಣೆಗಳೆಲ್ಲ ಭಾರವನ್ನೇ ಹೆಚ್ಚಿಸಿದುವೆನ್ನಲಾಗದು. ೧೯೮೯ರ ಎರಡನೆಯ ಆವೃತ್ತಿಯಲ್ಲಿ ಕವಚದ ಅಂಕ ಕಡಿಮೆಯಾದಷ್ಟೂ ಕವಚ ಗಟ್ಟಿ; ಪೆಟ್ಟು ತಗಲಿತೇ ಎಂಬುದನ್ನು ತಿಳಿಯಲು ಒಂದು ಅಂಕದಿಂದ ಇನ್ನೊಂದನ್ನು ಕಳೆಯಬೇಕು. ೨೦೦೦ದ ಮೂರನೆಯ ಆವೃತ್ತಿ ಇದನ್ನು ತಲೆಕೆಳಗು ಮಾಡಿ, ಅಂಕ ಹೆಚ್ಚಿದಷ್ಟೂ ಮೇಲು ಎಂದಿತು. ನಿಯಮ ಇದ್ದಷ್ಟೇ ಇದೆ, ಆದರೆ ದಾರಿ ನೇರವಾಯಿತು. ಇದು ನಿಜವಾದ ಸುಧಾರಣೆ. ಅದೇ ಆವೃತ್ತಿಯು ಮತ್ತೊಂದು ಕಡೆಯಿಂದ ಇದಕ್ಕೊಂದು ಕೂಡು, ಅದಕ್ಕೊಂದು ಕಳೆ ಎಂದು ಚಿಲ್ಲರೆ ಲೆಕ್ಕವನ್ನು ರಾಶಿ ಹಾಕಿತೆಂಬುದೂ ನಿಜವೇ. ೨೦೧೪ರವರು ಆ ಚಿಲ್ಲರೆಯ ಬಹುಭಾಗವನ್ನು ಗುಡಿಸಿಹಾಕಿ ಒಂದೇ ಮಾತು ಹೇಳಿದರು: ಸನ್ನಿವೇಶ ಅನುಕೂಲವಾಗಿದ್ದರೆ ಎರಡು ದಾಳ ಎಸೆದು ಹೆಚ್ಚಿನದನ್ನು ತೆಗೆದುಕೊಳ್ಳಿ, ಪ್ರತಿಕೂಲವಾಗಿದ್ದರೆ ಕಡಿಮೆಯದನ್ನು. ಒಂದು ದಾಳದ ಸರಾಸರಿ ಹತ್ತೂವರೆ. ಎರಡರಲ್ಲಿ ಹೆಚ್ಚಿನದರ ಸರಾಸರಿ ಹದಿನಾಲ್ಕರ ಹತ್ತಿರ. ಲೆಕ್ಕ ಬಾರದವನೂ ಕೈಯಲ್ಲಿ ಎರಡು ದಾಳ ಹಿಡಿದಾಗ ಧೈರ್ಯ ತಾಳುತ್ತಾನೆ. ನಷ್ಟವೂ ಇಲ್ಲದಿಲ್ಲ. ಒಂದು ಅನುಕೂಲವಿದ್ದರೂ ಅಷ್ಟೇ ಫಲ, ಮೂರಿದ್ದರೂ ಅಷ್ಟೇ. ಜಾಣತನದಿಂದ ಮೂರನ್ನೂ ಒದಗಿಸಿಕೊಂಡವನು ಮುಖ ಸಣ್ಣದು ಮಾಡುತ್ತಾನೆ.

ಕಟ್ಟಳೆಯ ಹೆಚ್ಚಳವನ್ನು ಕಾಣಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ೧೮೬೮ರಲ್ಲಿ ತೀರಿಕೊಂಡ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ವಿಷಯದಲ್ಲಿ ಅಸಾಧಾರಣ ಬುದ್ಧಿಯುಳ್ಳವರು. ಚದುರಂಗದ ಕುದುರೆಯನ್ನು ೬೪ ಮನೆಗಳಲ್ಲಿಯೂ ಒಂದೊಂದೇ ಸಲ ಹಾಯಿಸುವ ಸಮಸ್ಯೆಯಲ್ಲಿ ಕೈಪಳಗಿದವರು. ಅವರ ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಛದದ ಆಟಗಳ ವರ್ಣನೆಯಿದೆ. ದಶಾವತಾರದ ಗಂಜೀಫಾಕ್ಕೆ ೧೨೦ ಎಲೆಗಳಾದರೆ, ಈ ಛದದ ಆಟಗಳಲ್ಲೊಂದಕ್ಕೆ ೩೬೦! ಒಂದೊಂದು ಎಲೆಯೂ ಒಂದೊಂದು ದೇವತಾಚಿತ್ರ. ನೋಡಿದರೆ ಕಣ್ಣು ತಣಿಯುತ್ತದೆ. ಆಡುವವರು? ಆ ಎಲೆಗಳಿಂದು ಚಿತ್ರಕಲೆಯ ಮಾದರಿಗಳಾಗಿ ಉಳಿದಿವೆ. ಅಳಗುಳಿಮಣೆಯಾದರೋ ಇನ್ನೂ ಅಟ್ಟದಿಂದ ಕೆಳಗಿಳಿಯುತ್ತದೆ, ಮನೆಗೊಂದು ಪಾಠಾಂತರದೊಡನೆ: ಗುಳಿಗೆ ನಾಲ್ಕು ಬೀಜವೋ ಐದೋ, ನಾಲ್ಕು ಕೂಡಿದ ಗುಳಿ ‘ಪಸು’ವಾಗಿ ಒಡೆಯನಿಗೆ ಸಲ್ಲುವುದೋ ಇಲ್ಲವೋ. ಆಡುವ ಮೊದಲು ಒಂದು ಮಾತಾಡಿಕೊಂಡರೆ ತೀರಿತು.

ವ್ಯಾಜ್ಯಕ್ಕೆ ಬರೋಣ. ಹೊಸ ಪುಸ್ತಕದಲ್ಲಿ ಆಯಾಸದ ನಿಯಮ ಸರಳವಾಗಿದೆ. ಹಳೆಯದರಲ್ಲಿ ದಣಿವಿನ ಆರು ಮೆಟ್ಟಿಲುಗಳಿಗೆ ಆರು ಬಗೆಯ ಫಲಗಳ ಪಟ್ಟಿಯಿತ್ತು; ಈಗ ಮೆಟ್ಟಿಲಿಗೆ ಎರಡರಂತೆ ದಾಳದಿಂದ ಕಳೆದು, ನಡಿಗೆಯ ವೇಗವನ್ನು ಅದೇ ಕ್ರಮದಲ್ಲಿ ತಗ್ಗಿಸಿದರೆ ಆಯಿತು. ಆದರೆ ಕಾದಾಳುಗಳ ಆಯುಧಗಳಿಗೆ ಒಂದೊಂದು ವಿಶೇಷ ಗುಣವನ್ನು ಹೊಸತಾಗಿ ಹಚ್ಚಿದ್ದಾರೆ: ಒಂದು ಶತ್ರುವನ್ನು ಹಿಂದಕ್ಕೆ ತಳ್ಳುತ್ತದೆ, ಇನ್ನೊಂದು ಕೆಡಹುತ್ತದೆ. ಮೇಲುನೋಟಕ್ಕೆ ಸಮಸಮವಾಗಿ ಕಾಣುವ ಇವೆರಡರ ತೂಕ ಬೇರೆ. ಆಯಾಸದ ಮಾತು ಸಂಜೆಗೊಮ್ಮೆ ಬಂದರೆ ಬಂದೀತು. ಪೆಟ್ಟಿನ ಮಾತು ಗಳಿಗೆಗೊಮ್ಮೆ. ಗಳಿಗೆಗೊಮ್ಮೆ ಕೈಚಾಚುವ ನಿಯಮ ಎರಡು ಸಾಲಿನದಾದರೂ ಭಾರವೇ.

ಇದಕ್ಕಿಂತ ದೊಡ್ಡ ಸಂಗತಿ ನನಗೆ ಕಂಡುದು ಬೇರೆಡೆ. ಮಾರಿಕುಪ್ಪಂ ಕಡೆಯಿಂದ ರೈಲಿನಲ್ಲಿ ಬರುವ ಹುಡುಗಿಯೊಬ್ಬಳಿದ್ದಾಳೆ. ಕಥೆ ಹೆಣೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಗ್ರಂಥ ಇಂಗ್ಲಿಷಿನದು, ಅವಳ ಇಂಗ್ಲಿಷು ಅಷ್ಟಕ್ಕಷ್ಟೆ. ‘ನಿಯಮ ಹಾಗಿದೆ’ ಎಂದು ಪುಸ್ತಕದೊಡೆಯನು ಅಂದಾಗಲೆಲ್ಲ ಅವಳು ಸುಮ್ಮನಾಗುತ್ತಾಳೆ. ಹುಲಿಕುರಿಯಲ್ಲಿ ಆರು ವರ್ಷದ ಮೊಮ್ಮಗಳು ಅಜ್ಜನ ಕೈ ಹಿಡಿದು ‘ತಪ್ಪು ನಡೆ’ ಎನ್ನಬಲ್ಲಳು. ಶಾಸ್ತ್ರವೆಲ್ಲ ಅವಳ ತಲೆಯಲ್ಲಿಯೂ ಇದೆ. ಈ ಆಟದಲ್ಲಿ ಗ್ರಂಥ ದಪ್ಪವಾದಷ್ಟೂ ಅದನ್ನು ಓದಬಲ್ಲವನ ಅಧಿಕಾರ ಬೆಳೆಯುತ್ತದೆ. ಕ್ಲಿಷ್ಟತೆ ಬುದ್ಧಿಗೆ ಹಬ್ಬವೆಂದು ವಾದಿಸುವವರೊಡನೆ ನನಗೆ ಜಗಳವಿಲ್ಲ, ಆದರೆ ಆ ಹಬ್ಬದೂಟಕ್ಕೆ ಎಲ್ಲರಿಗೂ ಎಲೆ ಹಾಕಿರಬೇಕಷ್ಟೆ.

ಆದುದರಿಂದ ನಾನು ಕೊಟ್ಟ ತೀರ್ಪು ಯಾವ ಪಕ್ಷಕ್ಕೂ ಒಪ್ಪಿಗೆಯಾಗಲಿಲ್ಲ. ಹಳೆಯದೋ ಹೊಸದೋ, ನೀವು ನಿಜವಾಗಿ ಬಳಸುವ ನಿಯಮಗಳನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ; ಹಾಳೆಯಲ್ಲಿಲ್ಲದುದನ್ನು ಆಟದ ನಡುವೆ ಎತ್ತಕೂಡದು ಎಂದೆ. ಗೊಣಗುತ್ತಲೇ ಬರೆಯತೊಡಗಿದರು. ಮೂರು ಭಾನುವಾರ ಹಿಡಿಯಿತು. ಆಯಾಸ ಹೊಸದರದು ನಿಂತಿತು. ಆಯುಧಗಳ ಗುಣಗಳಲ್ಲಿ ಎರಡು ಮಾತ್ರ ಉಳಿದುವು. ಎರಡು ದಾಳಗಳ ಅನುಕೂಲಕ್ಕೆ ‘ಮೇಲುಗೈ’ ಎಂಬ ಹೆಸರನ್ನು ಕೊಟ್ಟವಳು ಆ ಹುಡುಗಿಯೇ. ಹೋದ ವಾರ ಅವಳೂ ಪುಸ್ತಕದೊಡೆಯನೂ ಒಂದು ನಿಯಮದ ವಿಷಯದಲ್ಲಿ ಅರ್ಧ ಗಂಟೆ ವಾದಿಸಿದರಂತೆ. ಹಾಳೆಯನ್ನು ತೆಗೆದು ನೋಡಿದಾಗ ಗೆದ್ದವನು ಅವನು.