ಇದ್ದಿಲು ಅಗ್ಗ, ನೀರಿನ ಲೆಕ್ಕ ಬೇರೆ

ಹೊಲದ ಕಸದಿಂದ ಮಾಡುವ ಇದ್ದಿಲಿಗೆ ಈಗ ಬೆಲೆ ಬಂದಿದೆ. ‘ಬಯೋಚಾರ್‌’ ಎಂದು ಕರೆಯುವ ಈ ಇದ್ದಿಲಿನ ಲೆಕ್ಕದಲ್ಲಿ 2030ರೊಳಗೆ 1 ಲಕ್ಷ ಟನ್‌ ಕಾರ್ಬನ್‌ ಕ್ರೆಡಿಟ್‌ ಕೊಳ್ಳಲು ಗೂಗಲ್‌ ಸಂಸ್ಥೆ 2025ರ ಜನವರಿಯಲ್ಲಿ ಭಾರತದ ‘ವರಾಹ’ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಇದೇ ಇದ್ದಿಲು ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂತಹ ಭಾರ ಲೋಹಗಳನ್ನೂ ಹಿಡಿದಿಡುತ್ತದೆ. ಗಲ್ಫ್‌ನಲ್ಲಿ ದುಡಿಯುವ ನಾವು ಊರಿಗೆ ಕಳಿಸುವ ಹಣದಲ್ಲಿ ಕೊಳವೆಬಾವಿ, ಫಿಲ್ಟರ್‌ಗಳ ಖರ್ಚೂ ಸೇರಿರುತ್ತದೆ. ಹಾಗಾಗಿ ಇದರ ಲಾಭ–ನಷ್ಟವನ್ನು ಮನೆಯವರೂ ತಿಳಿದಿರಬೇಕು.

ವಿಧಾನ ಸರಳ. ಒಣ ಕಸವನ್ನು ಗಾಳಿಯಾಡದಂತೆ 300ರಿಂದ 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಅದು ಬೂದಿಯಾಗದೆ ಇದ್ದಿಲಾಗುತ್ತದೆ. ಇದರ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಋಣ ವಿದ್ಯುದಂಶ ಹೆಚ್ಚು. ಸೀಸ, ಕ್ಯಾಡ್ಮಿಯಂ ನೀರಿನಲ್ಲಿ ಧನ ವಿದ್ಯುದಂಶ ಹೊತ್ತಿರುವುದರಿಂದ ಅದಕ್ಕೆ ಅಂಟಿಕೊಳ್ಳುತ್ತವೆ. ರಿಯಾದ್‌ನ ಕಿಂಗ್‌ ಸೌದ್‌ ವಿಶ್ವವಿದ್ಯಾಲಯದಲ್ಲಿ ಖರ್ಜೂರದ ಮರದ ತ್ಯಾಜ್ಯದಿಂದ ಇಂಥ ಇದ್ದಿಲು ಮಾಡಿ ಅಧ್ಯಯನ ನಡೆಸಿದ್ದಾರೆ. ನಮ್ಮಲ್ಲಿ ಭತ್ತದ ಹೊಟ್ಟು, ತೆಂಗಿನ ಚಿಪ್ಪು, ತೊಗರಿ ಕಟ್ಟಿಗೆಗೆ ಕೊರತೆಯಿಲ್ಲ.

ಕಾಗದದ ಮೇಲಿನ ಲೆಕ್ಕವಂತೂ ಆಸೆ ಹುಟ್ಟಿಸುತ್ತದೆ. ಭಾರತೀಯ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದರ ಐದು ಪಟ್ಟು ಸೀಸವಿರುವ ನೀರನ್ನು ದಿನಕ್ಕೆ 20 ಲೀಟರ್‌ ಬಳಸಿದರೆ, ವರ್ಷಕ್ಕೆ ಬರುವುದು 365 ಮಿಲಿಗ್ರಾಂ ಸೀಸ. ಒಂದು ಗ್ರಾಂ ಇದ್ದಿಲು 50 ಮಿಲಿಗ್ರಾಂ ಹಿಡಿಯುತ್ತದೆ ಎಂದುಕೊಂಡರೆ ವರ್ಷಕ್ಕೆ ಎಂಟು ಗ್ರಾಂ ಸಾಕು!

ಆದರೆ ಇಂಥ ಅಂಕಿಗಳು ಬಹುತೇಕ ಪ್ರಯೋಗಾಲಯದಲ್ಲಿ ಒಂದೇ ಲೋಹವನ್ನು ಧಾರಾಳವಾಗಿ ಬೆರೆಸಿದ ನೀರಿನವು. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಅದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಇನ್ನೊಂದು ತೊಡಕು ಆರ್ಸೆನಿಕ್‌. ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಅದು ಪತ್ತೆಯಾಗಿದೆ. ನೀರಿನಲ್ಲಿ ಅದು ಹೆಚ್ಚಾಗಿ ಋಣ ವಿದ್ಯುದಂಶದ ರೂಪದಲ್ಲಿರುವುದರಿಂದ ಬರೀ ಇದ್ದಿಲಿಗೆ ಸರಿಯಾಗಿ ಅಂಟುವುದಿಲ್ಲ. ಇದ್ದಿಲಿಗೆ ಕಬ್ಬಿಣದ ಲೇಪ ಬೇಕು. ಫ್ಲೋರೈಡ್‌ ಕಥೆಯೂ ಹೆಚ್ಚುಕಡಿಮೆ ಇದೇ. ಸೀಸಕ್ಕೆ ಒಪ್ಪುವ ಫಿಲ್ಟರ್‌ ಆರ್ಸೆನಿಕ್‌ಗೆ ಒಪ್ಪಬೇಕೆಂದೇನಿಲ್ಲ.

ಲೆಕ್ಕಪತ್ರದಲ್ಲಿ ಒಂದು ಖಾತೆಯಿಂದ ಹೋದದ್ದು ಇನ್ನೊಂದು ಖಾತೆಯಲ್ಲಿ ಕಾಣಲೇಬೇಕು. ಇಲ್ಲೂ ಹಾಗೆಯೇ. ಲೋಹ ನಾಶವಾಗಿಲ್ಲ, ನೀರಿನಿಂದ ಇದ್ದಿಲಿಗೆ ವರ್ಗವಾಗಿದೆ ಅಷ್ಟೇ. ಬಳಸಿದ ಇದ್ದಿಲನ್ನು ತಿಪ್ಪೆಗೆ ಸುರಿದರೆ ಲೋಹ ಹೊಲಕ್ಕೆ ಹೋಗುತ್ತದೆ, ಒಲೆಗೆ ಹಾಕಿದರೆ ಬೂದಿ, ಹೊಗೆಗೆ ಸೇರುತ್ತದೆ. ಅದರ ಸುರಕ್ಷಿತ ವಿಲೇವಾರಿಯ ವೆಚ್ಚ ಸೇರಿಸದೆ ‘ಅಗ್ಗ’ ಎನ್ನುವುದು ಅರ್ಧ ಲೆಕ್ಕ.

ಆದ್ದರಿಂದ ಬಯೋಚಾರ್‌ಗೆ ಸರಿಯಾದ ಜಾಗ ಸದ್ಯಕ್ಕೆ ಅಡುಗೆಮನೆಯಲ್ಲ, ಕಾರ್ಖಾನೆಯ ಕೊಳಚೆ ನೀರು ಹೊರಹೋಗುವ ಕಡೆ. ಅಲ್ಲಿ ಯಾವ ಲೋಹ, ಎಷ್ಟು ಎಂಬುದು ಮೊದಲೇ ಗೊತ್ತಿರುತ್ತದೆ. ಬಳಸಿದ ಇದ್ದಿಲಿನ ಹೊಣೆಯನ್ನೂ ಕಾರ್ಖಾನೆಯ ಮೇಲೇ ಹೊರಿಸಬಹುದು. ಬೆಂಗಳೂರಿನ ಪೀಣ್ಯದ ಅಂತರ್ಜಲ ಕ್ರೋಮಿಯಂನಿಂದ ಕೆಟ್ಟಿರುವುದನ್ನು ನೋಡಿದರೆ, ಲೋಹ ನೆಲ ಸೇರುವ ಮೊದಲೇ ತಡೆಯುವುದು ಎಷ್ಟು ಲಾಭ ಎಂಬುದು ತಿಳಿಯುತ್ತದೆ.

ಮನೆಯವರು ಮಾಡಬೇಕಾದದ್ದು ಇಷ್ಟೇ. ಫಿಲ್ಟರ್‌ಗೆ ಹಣ ಕಟ್ಟುವ ಮೊದಲು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ವಿಚಾರಿಸಿ. ಸೀಸ, ಆರ್ಸೆನಿಕ್‌, ಕ್ಯಾಡ್ಮಿಯಂ ಪರೀಕ್ಷೆ ಬೇಕೆಂದು ಹೆಸರು ಹಿಡಿದೇ ಕೇಳಿ. ಮಾಮೂಲಿ ಪರೀಕ್ಷೆಯಲ್ಲಿ ಇವೆಲ್ಲ ಇರುತ್ತವೆ ಎಂದೇನಿಲ್ಲ. ಮಾರಾಟಗಾರ ತೋರಿಸುವ ಟಿಡಿಎಸ್‌ ಮೀಟರ್‌ ಇವನ್ನು ಗುರುತಿಸದು. ವರದಿ ಕೈಗೆ ಬಂದ ಮೇಲೆ, ‘ನಿಮ್ಮ ಫಿಲ್ಟರ್‌ ಈ ಲೋಹವನ್ನು ತೆಗೆಯುತ್ತದೆಯೇ, ಒಳಗಿನ ಪುಡಿಯನ್ನು ಯಾವಾಗ ಬದಲಿಸಬೇಕು, ಹಳೆಯದನ್ನು ಯಾರು ಒಯ್ಯುತ್ತಾರೆ?’ ಎಂದು ಕೇಳಿ. ಮೂರಕ್ಕೂ ಲಿಖಿತ ಉತ್ತರ ಸಿಕ್ಕರೆ ಮಾತ್ರ ಹಣ ಕೊಡಿ.