ಇಟಗಿಯ ಗುಡಿಯೂ ನಮ್ಮ ಗೋಪುರಗಳೂ

ಸ್ಥಾವರವನ್ನು ಒಲ್ಲೆನೆಂದವರ ಪರಂಪರೆ ನಮ್ಮದು. ಹಾಗಿರುವಾಗ ಗುಡಿಗಳ ಇತಿಹಾಸ ನಮಗೇಕೆ? ಇಟಗಿಯ ಮಹಾದೇವ ದೇವಾಲಯದ ಮಾತು ಬಂದಾಗ ತರುಣ ಮಿತ್ರರೊಬ್ಬರು ಹೀಗೆ ಕೇಳಿದರು. ಬೇಕು ಎಂಬುದೇ ನನ್ನ ಉತ್ತರ. ಶರಣರು ಯಾವುದನ್ನು ಬಿಟ್ಟರು ಎಂದು ಅರಿಯದೆ, ಅವರು ಯಾವುದನ್ನು ಕಟ್ಟಿದರು ಎಂಬುದು ಪೂರ್ತಿ ತಿಳಿಯದು.

ಕೊಪ್ಪಳ ಜಿಲ್ಲೆಯ ಕುಕನೂರಿಗೆ ಸಮೀಪದ ಈ ಗುಡಿಯನ್ನು 1112ರಲ್ಲಿ ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ಶಿಲ್ಪಿಗಳು ಬಳಪದ ಕಲ್ಲಿಗೆ ಒಲಿದ ಕಾಲವದು. ಮೆದುವಾದ ಆ ಕಲ್ಲು ಉಳಿಯ ಮಾತು ಕೇಳುತ್ತದೆ. ಅದಕ್ಕೇ ಕಂಬಗಳಿಗೆ ಅಂಥ ನಯ, ಹೊಳಪು. ಗುಡಿಯ ಮುಖ ಪೂರ್ವಕ್ಕೆ. ಗರ್ಭಗುಡಿಯ ಮುಂದೆ ಮುಚ್ಚಿದ ಮಂಟಪ, ಅದರಾಚೆ ಕಂಬಗಳ ತೆರೆದ ಮಂಟಪ, ಸುತ್ತ ಸಣ್ಣ ಗುಡಿಗಳು. ದಂಡನಾಯಕನ ತಂದೆತಾಯಿಯರ ಹೆಸರಿನಲ್ಲೂ ಗುಡಿಗಳಿವೆ. ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ.

ಆ ಬಿರುದು ಸುಳ್ಳಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸೇನೆ, ಸಂಪತ್ತು ಇದ್ದವನು ಹೆತ್ತವರ ಹೆಸರನ್ನು ಕಲ್ಲಿನಲ್ಲಿ ನಿಲ್ಲಿಸಬಲ್ಲ. ಆ ಕಲ್ಲನ್ನು ಹೊತ್ತವನು ಏನು ಮಾಡಬೇಕು? ಅದೇ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ, ಅರ್ಧ ಶತಮಾನದೊಳಗೆ, ಇದಕ್ಕೆ ಉತ್ತರ ಬಂತು. ಲಿಂಗ ಅಂಗೈಗೆ ಬಂದಾಗ ಗುಡಿ ಕಟ್ಟಿಸಲಾರದವನೂ ದೇವರಿಗೆ ಸಮೀಪದವನಾದ. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ತಂತಮ್ಮ ಕಾಯಕದ ಹೆಸರಿನಿಂದಲೇ ಇಂದಿಗೂ ಉಳಿದಿದ್ದಾರೆ.

ಹಾಗೆಂದು ಇಟಗಿಯನ್ನು ಕಡೆಗಣಿಸುವುದು ಶರಣರ ದಾರಿಯಲ್ಲ. ಆ ಕಂಬಗಳಲ್ಲಿರುವುದು ದುಡಿದವರ ಕಾಯಕ. ಅಂಥ ಗೋಡೆಯ ಮೇಲೆ ಹೆಸರು ಗೀಚುವುದು, ಕೆತ್ತನೆಗೆ ಎಣ್ಣೆ ಮೆತ್ತುವುದು, ಬಣ್ಣ ಬಳಿಯುವುದು ಕಾಯಕಕ್ಕೇ ಮಾಡುವ ಅಪಚಾರ.

ನನ್ನ ಚಿಂತೆ ನಮ್ಮ ಬಗ್ಗೆಯೇ. ಬಸವಣ್ಣನವರ ಹೆಸರು ಹೇಳುತ್ತಲೇ ನಾವೂ ಊರೂರಲ್ಲಿ ಸಿಮೆಂಟಿನ ಗೋಪುರ ಎತ್ತುತ್ತಿದ್ದೇವೆ. ಫಲಕದಲ್ಲಿ ದಾನಿಗಳ ಹೆಸರಿದೆ, ಉದ್ಘಾಟಿಸಿದವರ ಹೆಸರಿದೆ; ಗೌಂಡಿಯ ಹೆಸರಿಲ್ಲ, ಇಟ್ಟಿಗೆ ಹೊತ್ತ ತಾಯಿಯ ಹೆಸರಿಲ್ಲ. ದಂಡನಾಯಕನ ಹಂಬಲವನ್ನು ಉಳಿಸಿಕೊಂಡೆವು. ಅವನ ಶಿಲ್ಪಿಗಳ ಕುಶಲತೆಯನ್ನು ಕಳೆದುಕೊಂಡೆವು.

ಮಠಗಳಲ್ಲಿ ನನ್ನ ಬಿನ್ನಹ ಎರಡು. ಹೊಸ ಕಟ್ಟಡಕ್ಕೆ ಕಾಣಿಕೆ ಕೂಡಿಸುವ ಮೊದಲು ಪ್ರಸಾದನಿಲಯದ ಸೂರು ಸೋರುತ್ತಿದೆಯೇ ನೋಡಿರಿ. ಕಟ್ಟಲೇಬೇಕಾದರೆ ಫಲಕದ ಮೊದಲ ಸಾಲಿನಲ್ಲಿ ದುಡಿದವರ ಹೆಸರಿರಲಿ. ಇಷ್ಟು ಮಾಡಿದ ಮೇಲೆ ನಮ್ಮ ಮಕ್ಕಳನ್ನು ಇಟಗಿಗೆ ಕರೆದೊಯ್ಯೋಣ. ಆ ಕಂಬಗಳ ಮುಂದೆ ನಿಂತಾಗ, ಕಟ್ಟಿಸಿದವನಾರು ಎಂಬುದರ ಜೊತೆಗೆ ಕಡೆದವರಾರು ಎಂದೂ ಅವರು ಕೇಳಿಯಾರು.