ವಿದ್ಯಾರ್ಥಿವೇತನ ಭಿಕ್ಷೆಯಲ್ಲ: ಶಿಫಾರಸು ಬೇಡ, ಮೇಲ್ಮನವಿ ಹಾಕಿ

ಕಳೆದ ಸಂತೆಯ ದಿನ ನಮ್ಮ ಕಚೇರಿಗೆ ಗಂಡ ಹೆಂಡತಿ ಇಬ್ಬರು ಬಂದರು. ಆಕೆ ನೂಲಿನ ಗಿರಣಿಯ ಕೆಲಸಗಾರ್ತಿ. ಆತ ಬಸ್ ನಿಲ್ದಾಣದ ಪಕ್ಕದಲ್ಲಿ ತರಕಾರಿ ಗಾಡಿ ಇಟ್ಟುಕೊಂಡವರು. ಹಿಂದುಳಿದ ವರ್ಗಕ್ಕೆ ಸೇರಿದ ಬಡ ಕುಟುಂಬ. ಮಗಳು ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ. ಅವಳ ವಿದ್ಯಾರ್ಥಿವೇತನದ ಅರ್ಜಿ ‘ಆದಾಯ ಮಿತಿ ಮೀರಿದೆ’ ಎಂಬ ಮೂರೇ ಪದಗಳಲ್ಲಿ ತಿರಸ್ಕೃತವಾಗಿದೆ. ತಿಂಗಳ ಕೊನೆಯೊಳಗೆ ಫೀಜು ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಾಲೇಜಿನವರು ಹೇಳಿದ್ದಾರಂತೆ. ತಂದೆ ಕೈಮುಗಿದು ಕೇಳಿದ್ದು ಒಂದೇ ಮಾತು: “ಮೇಷ್ಟ್ರೇ, ಶಾಸಕರಿಗೆ ಒಂದು ಕಾಗದ ಬರೆದುಕೊಡಿ. ಆಗದಿದ್ದರೆ ಹುಡುಗಿಯನ್ನು ಅವಳಮ್ಮನ ಗಿರಣಿಗೇ ಸೇರಿಸುತ್ತೇನೆ.”

ನಾವು ಕಾಗದ ಬರೆದುಕೊಡಲಿಲ್ಲ. ಏಕೆಂಬುದನ್ನು ಈ ವಾರ ಹೇಳಬೇಕಾಗಿದೆ.

ಮೊದಲು ಲೆಕ್ಕ ನೋಡೋಣ. ಕೇಂದ್ರದ ಯೋಜನೆಯಲ್ಲಿ ತಂದೆತಾಯಿಗಳ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಈ ಕುಟುಂಬಕ್ಕೆ ಕೊಟ್ಟ ಪ್ರಮಾಣಪತ್ರದಲ್ಲಿರುವ ಮೊತ್ತ 7,44,000. ಇದು ಹೇಗೆ ಬಂತು? ತಾಯಿಯ ಕೂಲಿ ತಿಂಗಳಿಗೆ 12,000ದಂತೆ ವರ್ಷಕ್ಕೆ 1,44,000. ಇದು ಸರಿ. ಗಾಡಿಯಲ್ಲಿ ದಿನಕ್ಕೆ 2,000 ರೂಪಾಯಿ ವ್ಯಾಪಾರ, 300 ದಿನಕ್ಕೆ 6,00,000. ಇಲ್ಲಿದೆ ಮೋಸ! ವ್ಯಾಪಾರವಾದ ಹಣವನ್ನೆಲ್ಲ ಆದಾಯವೆಂದು ಬರೆದುಬಿಟ್ಟರು. ಆ 2,000ದಲ್ಲಿ ಮಂಡಿಗೆ ಸಲ್ಲುವುದೆಷ್ಟು, ಗಾಡಿಯ ಬಾಡಿಗೆ ಎಷ್ಟು, ಬಿಸಿಲಿಗೆ ಬಾಡಿ ಚರಂಡಿ ಸೇರುವ ಸೊಪ್ಪೆಷ್ಟು ಎಂದು ಯಾರೂ ಕೇಳಲಿಲ್ಲ. ಸಂಜೆ ಕೈಯಲ್ಲಿ ಉಳಿಯುವುದು 300 ರೂಪಾಯಿ, ವರ್ಷಕ್ಕೆ 90,000. ಎರಡೂ ಸೇರಿ 2,34,000. ಹುಡುಗಿ ಮಿತಿಯೊಳಗೇ ಇದ್ದಾಳೆ!

ಹಿಂದೆ ಶ್ಯಾನುಭೋಗರಿದ್ದರು, ಆಮೇಲೆ ಗ್ರಾಮಲೆಕ್ಕಿಗರು ಬಂದರು, ಈಗ ಗ್ರಾಮ ಆಡಳಿತಾಧಿಕಾರಿಗಳಿದ್ದಾರೆ. ಹೆಸರು ಬದಲಾಯಿತು, ಬಡವನ ಲೆಕ್ಕವನ್ನು ಕುಳಿತಲ್ಲೇ ಬರೆಯುವ ಚಾಳಿ ಬದಲಾಗಲಿಲ್ಲ. ದೊಡ್ಡ ಕಂಪನಿಯ ತೆರಿಗೆ ಲೆಕ್ಕದಲ್ಲಿ ಖರ್ಚು ಕಳೆದು ಉಳಿದದ್ದೇ ಆದಾಯ. ಗಾಡಿಯವನ ಪಾಲಿಗೆ ಬಂದದ್ದೆಲ್ಲ ಆದಾಯ. ಇದು ಯಾವ ಅಂಕಗಣಿತ? ನಾವು ಮೇಷ್ಟರಾಗಿದ್ದಾಗ ನಾಲ್ಕನೆಯ ತರಗತಿಯ ಹುಡುಗ ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆವು.

ಈ ಹಣ ಯಾರ ಔದಾರ್ಯವೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ಹಿಂದುಳಿದವರ ಸ್ಥಿತಿಗತಿ ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಕವಾದದ್ದು 1918ರಲ್ಲಿ. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾದದ್ದು 1944ರಲ್ಲಿ, ಅಂಬೇಡ್ಕರರು ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ. ದುರ್ಬಲ ವರ್ಗಗಳ ವಿದ್ಯಾಭ್ಯಾಸದ ಹಿತವನ್ನು ಪ್ರಭುತ್ವವು ವಿಶೇಷವಾಗಿ ಕಾಯಬೇಕೆಂದು ಸಂವಿಧಾನದ 46ನೆಯ ವಿಧಿ ಹೇಳುತ್ತದೆ. ಬೆಂಕಿಪೊಟ್ಟಣ, ಸಾಬೂನು ಕೊಳ್ಳುವಾಗಲೂ ತೆರಿಗೆ ಕೊಡುವವರು ನಾವೇ. ನಮ್ಮ ಹಣ ನಮ್ಮ ಮಕ್ಕಳಿಗೆ ಬರುವಾಗ ಮಾತ್ರ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬಂತಾಗಿದೆ.

ಆದರೂ ನಾವೇಕೆ ಶಿಫಾರಸು ಕೊಡಲಿಲ್ಲ? ಶಿಫಾರಸಿನ ಕಾಗದ ಹಿಡಿದವನು ಹಕ್ಕುದಾರನಲ್ಲ, ಹಂಗಿನಾಳು. ಇಂದು ಶಾಸಕರು ಫೋನು ಮಾಡಿ ಕೆಲಸ ಮಾಡಿಸಿದರೆ ನಾಳೆ ಚುನಾವಣೆಯಲ್ಲಿ ಬಾಕಿ ವಸೂಲಿಗೆ ಬರುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ ತಪ್ಪು ಲೆಕ್ಕ ಹಾಗೆಯೇ ಉಳಿಯುತ್ತದೆ. ಈ ಹುಡುಗಿಗೆ ಹಣ ಸಿಕ್ಕಿತು, ಪಕ್ಕದ ಗಾಡಿಯವನ ಮಗನಿಗೆ ತಪ್ಪಿತು. ಒಪ್ಪಿಕೊಳ್ಳುತ್ತೇವೆ, ನಾವೂ ಇಂಥ ಕಾಗದಗಳನ್ನು ಬಹಳ ಬರೆದವರೇ. ಇನ್ನು ಬರೆಯುವುದಿಲ್ಲ.

ತಿರಸ್ಕಾರವೆಂಬುದು ಹಣೆಬರಹವಲ್ಲ. ಅದು ಒಬ್ಬ ನೌಕರನ ಆದೇಶ. ಆದೇಶಕ್ಕೆ ಮೇಲ್ಮನವಿ ಉಂಟು. ಹಿಂದುಳಿದ ವರ್ಗದವರ ಜಾತಿ ಮತ್ತು ಆದಾಯ ಪ್ರಮಾಣಪತ್ರದ ವಿಷಯದಲ್ಲಿ ತಹಶೀಲ್ದಾರರ ಆದೇಶ ಕೈಸೇರಿದ 30 ದಿನಗಳೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದೆಂದು ರಾಜ್ಯದ 1990ರ ಮೀಸಲಾತಿ ಕಾನೂನು ಹೇಳುತ್ತದೆ. ಆದ್ದರಿಂದ ಮೊದಲು ದಿನ ಎಣಿಸಿ. ಬಾಯಿಮಾತಿನಲ್ಲಿ ‘ಆಗುವುದಿಲ್ಲ’ ಎಂದರೆ ಹಿಂಬರಹ ಕೇಳಿ. ಮಂಡಿಯ ಚೀಟಿಗಳನ್ನೂ ಗಿರಣಿಯ ಸಂಬಳ ಚೀಟಿಯನ್ನೂ ಜೋಡಿಸಿ. ಅರ್ಜಿಯ ಎರಡು ಪ್ರತಿ ಮಾಡಿ ಒಂದಕ್ಕೆ ಮೊಹರು ಹಾಕಿಸಿಕೊಳ್ಳಿ. ಯಾವ ಲೆಕ್ಕದ ಮೇಲೆ ಈ ಮೊತ್ತ ಬರೆದಿರೆಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕೊಟ್ಟು ಕೇಳಬಹುದು. ಬಡತನರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಆದರೆ ಅದರ ಉತ್ತರಕ್ಕೂ 30 ದಿನ ಹಿಡಿಯಬಹುದು. ಅದಕ್ಕಾಗಿ ಕಾಯುತ್ತ ಮೇಲ್ಮನವಿಯ ಗಡುವು ಕಳೆದುಕೊಳ್ಳಬೇಡಿ. ಕಾಲೇಜಿನವರು ಮೂಲ ಅಂಕಪಟ್ಟಿಗಳನ್ನು ಒತ್ತೆ ಇಟ್ಟುಕೊಂಡಿದ್ದರೆ, ಹಾಗೆ ಇಟ್ಟುಕೊಳ್ಳಕೂಡದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲೇ ಹೇಳಿದೆಯೆಂದು ತಿಳಿಸಿ.

ಆ ದಂಪತಿಗಳು ಬಂದಾಗ ಆದೇಶ ಕೈಸೇರಿ 22 ದಿನವಾಗಿತ್ತು. 25ನೆಯ ದಿನ ಮೇಲ್ಮನವಿ ಸಲ್ಲಿಕೆಯಾಯಿತು. ತಾಯಿ ಅರ್ಧ ದಿನದ ಕೂಲಿ ಬಿಟ್ಟು ಬಂದು ಸಹಿ ಹಾಕಿದರು. ಅರ್ಜಿ ಬರೆದದ್ದು ನಾವಲ್ಲ, ಹುಡುಗಿಯೇ ಬರೆದಳು. ಗೆದ್ದೇ ಗೆಲ್ಲುತ್ತೇವೆಂದು ನಾವು ಸುಳ್ಳು ಭರವಸೆ ಕೊಡುವುದಿಲ್ಲ. ಮೇಲ್ಮನವಿಯಲ್ಲಿ ಗೆದ್ದರೂ ಅಷ್ಟರಲ್ಲಿ ಅರ್ಜಿಯ ಕಡೆಯ ದಿನ ಮುಗಿದಿದ್ದರೆ ಕಂಪ್ಯೂಟರು ಬಾಗಿಲು ತೆರೆಯದು. ಆದ್ದರಿಂದ ನಮ್ಮ ಬೇಡಿಕೆ ಮೂರು: ತಿರಸ್ಕರಿಸುವಾಗ ಲೆಕ್ಕಸಹಿತ ಕಾರಣ ಬರೆದುಕೊಡಬೇಕು. ಮೇಲ್ಮನವಿ ತೀರ್ಮಾನವಾಗುವವರೆಗೆ ಕಾಲೇಜು ವಿದ್ಯಾರ್ಥಿಯನ್ನು ಪರೀಕ್ಷೆಯಿಂದ ಹೊರಗಿಡಕೂಡದು. ಗೆದ್ದವರಿಗೆ ಹೊಸ ಗಡುವು ಕೊಡಬೇಕು.

ಗಿರಣಿಯ ಬಂಧುಗಳೇ, ಅಂಗಡಿ ಗಾಡಿಗಳ ಬಂಧುಗಳೇ! ನಿಮ್ಮ ಮನೆಯಲ್ಲೂ ಇಂಥ ತಿರಸ್ಕಾರದ ಕಾಗದವಿದ್ದರೆ ಪೆಟ್ಟಿಗೆಯಿಂದ ಹೊರತೆಗೆಯಿರಿ. ತಾರೀಖು ನೋಡಿ. ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಗೆ ಬನ್ನಿ. ಕೈಮುಗಿದುಕೊಂಡಲ್ಲ, ಲೆಕ್ಕದ ಚೀಟಿ ಹಿಡಿದುಕೊಂಡು ಬನ್ನಿ.